ಚಿನ್ನಿಯ ತಾಯಿಯನ್ನು ಕೊನೆಯದಾಗಿ ಕಂಡವಳು ನಾನು

ಆಂಧ್ರದ ನಮ್ಮ ಹಿಂದೂಪುರ ಇನ್ನೂ ಅನಂತಪುರ ಜಿಲ್ಲೆಯಲ್ಲೇ ಇದ್ದ ಕಾಲ. ನನಗಾಗ ಐವತ್ತೆರಡು ವರ್ಷ. ಬೆಳುಗುಪ್ಪದಲ್ಲಿ ನಾದಿನಿಯ ಮಗಳ ಮದುವೆ ಮುಗಿಸಿಕೊಂಡು ಒಬ್ಬಳೇ ಊರಿಗೆ ಮರಳುತ್ತಿದ್ದೆ. ಮಗ್ಗದ ಮೇಲೆ ಸೀರೆ ಅರ್ಧಕ್ಕೆ ನಿಂತಿದೆಯೆಂದು ನಮ್ಮ ಯಜಮಾನರು ಹಿಂದಿನ ದಿನವೇ ಹೊರಟುಹೋಗಿದ್ದರು.

ಕಲ್ಯಾಣದುರ್ಗದ ಬಸ್ ನಿಲ್ದಾಣದಲ್ಲಿ ನಾನು ಕಾಯುತ್ತ ಕೂತಿದ್ದಾಗ ಹಸಿರು ಸೀರೆ ಉಟ್ಟ ಹೆಂಗಸೊಬ್ಬಳು ಬಂದು ಪಕ್ಕದಲ್ಲಿ ಕೂತಳು. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಮಡಿಲಲ್ಲಿ ಮೂರು ವರ್ಷದ ಹೆಣ್ಣುಮಗು ನಿದ್ದೆ ಹೋಗಿತ್ತು. ಅದರ ಎಡಪಾದ ಒಳಕ್ಕೆ ತಿರುಗಿಕೊಂಡಿತ್ತು.

"ಅಕ್ಕಾ, ಪಾಪನ್ನ ವಸಿ ನೋಡ್ಕೊಳಕ್ಕಾ. ನೀರು ಹಿಡ್ಕೊಂಡು ಬತ್ತೀನಿ" ಎಂದಳು.

"ಹೋಗ್ಬಾರಮ್ಮ, ಅದಕ್ಕೇನು" ಎಂದು ಮಗುವಿನ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.

ಅವಳು ನಲ್ಲಿಯ ಕಡೆ ಹೋಗಲೇ ಇಲ್ಲ. ಹೊರಡಲು ನಿಂತಿದ್ದ ಬಸ್ಸೊಂದನ್ನು ಹತ್ತಿ, ಕಿಟಕಿಯಿಂದ ನನ್ನನ್ನೇ ನೋಡುತ್ತ ಎರಡೂ ಕೈ ಮುಗಿದಳು. ಕಂಡಕ್ಟರ್ ಇನ್ನೂ ಕೆಳಗೇ ನಿಂತು ಜನರನ್ನು ಕರೆಯುತ್ತಿದ್ದ. ನಾನು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ಬಸ್ಸು ಹೊರಟು ಧೂಳು ಅಡಗಿದ ಮೇಲೂ ಹಾಗೇ ಕೂತಿದ್ದೆ.

ಮಗು ಎದ್ದು ಅಳತೊಡಗಿದಾಗ ಎತ್ತಿಕೊಂಡು ಪೊಲೀಸ್ ಠಾಣೆಗೆ ಹೋದೆ. ಸೀರೆಯ ಬಣ್ಣ, ಬಸ್ಸು ಹೋದ ದಿಕ್ಕು ಎಲ್ಲ ಹೇಳಿದೆ. ಕೂಗಲು ನನಗೆ ಸಮಯವಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಅವರು ಹುಡುಕಿದರು, ಪತ್ರಿಕೆಯಲ್ಲಿ ಫೋಟೋ ಹಾಕಿಸಿದರು. ಯಾರೂ ಬರಲಿಲ್ಲ. ಹೆಸರು ಕೇಳಿದರೆ ಮಗು "ಚಿನ್ನಿ" ಅನ್ನುತ್ತಿತ್ತು, ಅಷ್ಟೇ. ಕೊನೆಗೆ ಅದನ್ನು ಹಿಂದೂಪುರದ ಒಂದು ಶಿಶುಗೃಹಕ್ಕೆ ಕಳಿಸಿದರು. ನಮ್ಮ ಮನೆಯಿಂದ ನಡೆದುಹೋಗುವಷ್ಟೇ ದೂರ.

ನಮಗೆ ಮಕ್ಕಳಿಲ್ಲ. ಪ್ರತಿ ಭಾನುವಾರ ಹೋಗತೊಡಗಿದೆ. ತಲೆ ಬಾಚುತ್ತಿದ್ದೆ, ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ನನ್ನ ದನಿ ಕೇಳಿದರೆ ಸಾಕು, ಕುಂಟುತ್ತ ಬಾಗಿಲಿಗೆ ಓಡಿಬರುತ್ತಿದ್ದಳು. ಇವಳನ್ನು ನಮಗೇ ಕೊಡಿ ಎಂದು ಮೇಲ್ವಿಚಾರಕಿ ಸರೋಜಮ್ಮನವರನ್ನು ಕೇಳಿದೆವು.

"ಗಂಡ ಹೆಂಡ್ತಿ ಇಬ್ಬರ ವಯಸ್ಸೂ ಕೂಡಿಸಿ ನೋಡ್ತಾರೆ ಕಣಮ್ಮ. ನಿಮ್ದು ಮೀರೋಗದೆ. ಕಂಪ್ಯೂಟರ್‌ನಾಗೆ ಅರ್ಜೀನೇ ತಗಳಲ್ಲ" ಎಂದರು.

ಆ ರಾತ್ರಿ ನಮ್ಮವರು ಊಟ ಮಾಡಲಿಲ್ಲ.

ನಮ್ಮ ದೇಶದ ಎರಡು ದಂಪತಿಗಳು ಚಿನ್ನಿಯನ್ನು ನೋಡಿದರು, ಪಾದ ನೋಡಿ ಬೇಡವೆಂದರು. ಪ್ರತಿ ಸಲವೂ ನನಗೆ ಸಿಟ್ಟು ಬರುತ್ತಿತ್ತು, ಒಳಗೊಳಗೇ ಸಮಾಧಾನವೂ ಆಗುತ್ತಿತ್ತು. ಅವಳಿಗೆ ಆರು ತುಂಬುವ ಹೊತ್ತಿಗೆ ಸರೋಜಮ್ಮ ನನ್ನನ್ನು ಕರೆಸಿ, "ಇಟಲಿಯೋರು ಒಪ್ಪವ್ರೆ. ಕಾಲು ಆಪರೇಷನ್ ಮಾಡಿಸ್ತಾರಂತೆ. ಪಾಪಂಗೆ ನೀನೇ ಹೇಳ್ಕೊಡಬೇಕು ಕಣಮ್ಮ, ನಿನ್ ಮಾತಾದ್ರೆ ಕೇಳ್ತಾಳೆ" ಎಂದು ಒಂದು ಆಲ್ಬಮ್ ಕೈಗಿತ್ತರು.

ಆಲ್ಬಮ್ ತೆರೆದು, "ಇವ್ರು ನಿಮ್ಮಮ್ಮ, ಇವ್ರು ನಿಮ್ಮಪ್ಪ, ಇದು ನಿನ್ ಮಂಚ" ಎಂದು ವಾರವಾರವೂ ತೋರಿಸಿದೆ.

"ನೀನೂ ಬತ್ತೀಯಾ?" ಎಂದು ಚಿನ್ನಿ ಕೇಳಿದಳು.

"ಅಲ್ಲಿ ಚಳಿ ಜಾಸ್ತಿ. ನಂಗಾಗಲ್ಲ ಕಣೇ."

"ನಂಗೆ?"

"ನಿಂಗೆ ಅಮ್ಮ ಸ್ವೆಟರ್ ಕಳ್ಸವ್ರೆ."

ಕೋರ್ಟಿನ ಆದೇಶವಾಗಿ ಅವಳನ್ನು ಒಪ್ಪಿಸುವ ದಿನ ಬಂತು. ಇಟಲಿಯ ತಾಯಿಯ ಹೆಸರು ಕ್ಲಾರಾ. ನನಗಿಂತ ಎತ್ತರ, ತೆಳ್ಳಗಿನ ಹೆಣ್ಣುಮಗಳು. ಕನ್ನಡ ಬಲ್ಲ ದುಭಾಷಿಯೊಬ್ಬರನ್ನು ಕರೆತಂದಿದ್ದರು. ಚಿನ್ನಿ ಹೊಸ ಅಪ್ಪನ ಜೊತೆ ಅಂಗಳದಲ್ಲಿ ಚೆಂಡಾಡುತ್ತಿದ್ದಾಗ ಕ್ಲಾರಾ ನನ್ನ ಪಕ್ಕ ಬಂದು ಕೂತು, "ಅವಳ ತಾಯಿಯನ್ನು ಕಂಡವರು ನೀವೊಬ್ಬರೇ ಅಂತೆ. ಎಲ್ಲವನ್ನೂ ಹೇಳುತ್ತೀರಾ?" ಎಂದು ಕೇಳಿಸಿದರು.

ಎಲ್ಲವನ್ನೂ ಹೇಳಿಬಿಟ್ಟೆ. ಯಜಮಾನರಿಗೂ ಹೇಳಿರದ ಮಾತು ಬಾಯಿಂದ ತಾನಾಗಿ ಬಂತು. "ಕೂಗಬೋದಿತ್ತು ಕಣಮ್ಮ. ಕೂಗಿದ್ರೆ ಪಾಪಂಗೆ ಎಚ್ಚರಾಯ್ತದೆ ಅಂತ ನಂಗೆ ನಾನೇ ಹೇಳ್ಕಂಡೆ. ಅದು ಸುಳ್ಳು. ಆ ತಲೆ ಇನ್ನೊಂಚೂರು ಹೊತ್ತು ನನ್ ತೊಡೆ ಮ್ಯಾಲಿರಲಿ ಅನ್ಸಿತ್ತು" ಎಂದೆ.

ದುಭಾಷಿ ಹೇಳಿ ಮುಗಿಸಿದ ಮೇಲೆ ಕ್ಲಾರಾ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಕೈ ಹಿಡಿದುಕೊಂಡರು. "ಆ ಜಾಗದಲ್ಲಿ ನಾನಿದ್ದಿದ್ದರೂ ಕೂಗುತ್ತಿರಲಿಲ್ಲವೇನೋ" ಎಂದು ಹೇಳಿಸಿದರು. ಆಮೇಲೆ ಪುಸ್ತಕ ತೆಗೆದು ಹಸಿರು ಸೀರೆ, ಕಿಟಕಿ, ಮುಗಿದ ಕೈ ಎಲ್ಲ ಕೇಳಿ ಕೇಳಿ ಬರೆದುಕೊಂಡರು. ಚಿನ್ನಿ ದೊಡ್ಡವಳಾಗಿ ತಾಯಿಯ ಬಗ್ಗೆ ಕೇಳಿದರೆ ಹೇಳಲು ಅವರ ಬಳಿ ಬೇರೇನೂ ಇರಲಿಲ್ಲ.

ಕಾರು ಹತ್ತುವಾಗ ಚಿನ್ನಿ ನನ್ನನ್ನು ತಬ್ಬಿಕೊಂಡು ಅಳುತ್ತಾಳೆ ಎಂದು ಎದೆ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಅವಳು ಅಳಲಿಲ್ಲ. ಕ್ಲಾರಾ ಅವರ ಬೆರಳು ಹಿಡಿದು, ಸ್ವೆಟರ್ ಹಾಕಿಕೊಂಡೇ ಹತ್ತಿ ಕೂತಳು. ನಾನು ಹೇಳಿಕೊಟ್ಟಿದ್ದನ್ನೆಲ್ಲ ಅಷ್ಟು ಚೆನ್ನಾಗಿ ಕಲಿತಿದ್ದಳು. ಸರೋಜಮ್ಮನವರು "ಏಡವಾಕಮ್ಮಾ, ಅಳಬೇಡ" ಎಂದಾಗಲೇ ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾಗಿದ್ದು.

ಹೋದ ವರ್ಷ ಸರೋಜಮ್ಮ ಮತ್ತೆ ಕರೆಸಿದರು. ಕ್ಲಾರಾ ವಿಡಿಯೋ ಕಾಲ್ ಮಾಡಿದ್ದರು. ಪರದೆಯ ಮೇಲೆ ಉದ್ದ ಕಾಲಿನ ಹುಡುಗಿಯೊಬ್ಬಳು ಓಡಿಬಂದಳು. ಪಾದ ನೇರವಾಗಿತ್ತು. ನಾನು "ಚಿನ್ನೀ" ಎಂದೆ. ಅವಳು ನಕ್ಕಳು. ಕನ್ನಡ ಪೂರಾ ಮರೆತಿದ್ದಳು. ಆ ದಿನ ದುಭಾಷಿಯೂ ಇರಲಿಲ್ಲ. ಅವಳು ತನ್ನ ಭಾಷೆಯಲ್ಲಿ ಏನೇನೋ ಹೇಳುತ್ತಾ ಹೋದಳು. ನನಗೆ ಒಂದು ಪದವೂ ತಿಳಿಯಲಿಲ್ಲ. ಹೂಂ ಹೂಂ ಎನ್ನುತ್ತ ಕೇಳುತ್ತಿದ್ದೆ.

ಕರೆ ಮುಗಿಯಿತು. ಸರೋಜಮ್ಮ ಫೋನನ್ನು ತೆಗೆದುಕೊಳ್ಳಲು ಕೈ ಚಾಚಿದರು. ನಾನು ಬೇಗ ಕೊಡಲಿಲ್ಲ. ಆ ಹಸಿರು ಸೀರೆಯವಳು ಎಲ್ಲಿದ್ದಾಳೋ, ಈ ದನಿಯನ್ನು ಅವಳಿಗೂ ಒಂದು ಸಲ ಕೇಳಿಸಬೇಕಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.