ಒಂದೇ ಫೋನಿನ ನಾಲ್ಕು ಹೆಂಗಸರು

ನನ್ನ ಮೊಮ್ಮಗಳನ್ನು ಹೊರಗೆ ಹಾಕಿಸಿದ್ದು ನಾನು. ಊರಲ್ಲಿ ಕೆಲವರು ಅವಳು ಕಂಪ್ಯೂಟರಿನಲ್ಲಿ ಏನೋ ಮೋಸ ಮಾಡಿ ಸಿಕ್ಕಿಬಿದ್ದಳು ಎನ್ನುತ್ತಾರೆ. ಸುಳ್ಳು. ಮೋಸ ಯಾರೂ ಮಾಡಲಿಲ್ಲ. ಸುಮ್ಮನೆ ಕೂರಬೇಕಾಗಿದ್ದ ನಾನು ಕೂರಲಿಲ್ಲ, ಬಾಯಿ ಬಿಡಬೇಕಾಗಿದ್ದ ಇನ್ನೊಬ್ಬರು ಬಿಡಲಿಲ್ಲ. ನಡೆದದ್ದು ಇಷ್ಟೆ. ಅವಳ ಹೆಸರಿಗೆ ಹಾಕಿದ ಬೀಗ ಇವತ್ತಿಗೂ ಹಾಗೇ ಇದೆ.

ನಮ್ಮದು ತಲ್ಲೂರಿನಲ್ಲಿ ಮೀನು ಮಾರುವ ಮನೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಬುಟ್ಟಿ ಹೊತ್ತವಳು. ಓದಲು ಬರುತ್ತದೆ, ಆದರೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಬೇಕು. ಮೊಮ್ಮಗಳು ಕುಂದಾಪುರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡುವ ಕೆಲಸಕ್ಕಿದ್ದಾಳೆ. ಕಾಲೇಜಿನಲ್ಲಿ ಫುಟ್‌ಬಾಲ್ ಆಡುತ್ತಿದ್ದಳು, ಗೋಲು ಕಾಯುತ್ತಿದ್ದಳು. ಹನ್ನೊಂದು ಹುಡುಗಿಯರು ಬೇಕಿದ್ದಲ್ಲಿ ಒಂಬತ್ತೇ ಜನ ಸಿಕ್ಕರು, ತಂಡ ಮುಚ್ಚಿತು. ಆಮೇಲೆ ಫೋನಿನಲ್ಲಿ ಜರ್ಮನಿಯವರ ಆಟ ನೋಡುತ್ತಾ ಕೂರುವುದು ಅವಳಿಗೆ ಅಭ್ಯಾಸವಾಯಿತು. ಜರ್ಮನಿಯೇ ಯಾಕೆ ಎಂದು ಕೇಳಿದ್ದೆ. ಅಲ್ಲಿ ತಂಡ ಎಂದರೆ ಊರಿನ ಸಂಘ, ಸದಸ್ಯರ ಮಾತೇ ನಡೆಯಬೇಕು, ಒಬ್ಬ ಧಣಿ ಬಂದು ಪೂರ್ತಿ ಕೊಂಡುಕೊಂಡು ಹೋಗುವ ಹಾಗಿಲ್ಲ ಎಂದಳು. ನಮ್ಮ ಕೈರಂಪಣಿ ಬಲೆಯ ಹಾಗೆ, ದಡದಲ್ಲಿ ನಿಂತು ಎಳೆದವರಿಗೆಲ್ಲ ಪಾಲು. ಅಷ್ಟು ಅರ್ಥವಾಯಿತು ನನಗೆ.

ಅಂತರ್ಜಾಲದಲ್ಲಿ ಒಂದು ವಿಶ್ವಕೋಶ ಇದೆ. ಯಾರು ಬೇಕಾದರೂ ಬರೆಯಬಹುದು, ಯಾರಿಗೂ ಸಂಬಳ ಇಲ್ಲ. ಅದರಲ್ಲಿ ಜರ್ಮನಿಯ ಫುಟ್‌ಬಾಲಿನ ಬಗ್ಗೆ ಕನ್ನಡದಲ್ಲಿ ಇದ್ದದ್ದು ಒಂದೆರಡು ಸಾಲಿನ ಪುಟಗಳು, ಅವೂ ತಪ್ಪು. ಅವನ್ನು ಸರಿ ಮಾಡಲು ಮೂವರು ಸೇರಿಕೊಂಡರು. ಒಬ್ಬಳು ನನ್ನ ಮೊಮ್ಮಗಳು. ಇನ್ನೊಬ್ಬರು ಬ್ರಹ್ಮಾವರದ ಲೆಕ್ಚರರಮ್ಮ, ಮೂವರಲ್ಲಿ ಅವರೇ ಮುಂದಾಳು. ಮೂರನೆಯವರು ಬೈಂದೂರಿನ ನಿವೃತ್ತ ಪೋಸ್ಟ್‌ಮ್ಯಾನ್. ಅವರಿಗೆ ಮೊಣಕಾಲು ನೋವು, ನಮ್ಮ ಮನೆಗೆ ಒಮ್ಮೆಯೂ ಬಂದವರಲ್ಲ, ಎಲ್ಲ ಫೋನಿನಲ್ಲೇ. ಲೆಕ್ಚರರಮ್ಮ ಮಾತ್ರ ಮೂರು ನಾಲ್ಕು ಸಲ ಬಂದಿದ್ದರು. ನನ್ನ ಕೈಯಿಂದ ಕಾಣೆ ಮೀನಿನ ಸಾರು ಉಂಡು, ಇಂಥ ಸಾರು ಉಂಡೇ ಇಲ್ಲ ಎಂದು ಹೊಗಳಿ ಹೋಗಿದ್ದರು.

ನನ್ನ ಕೆಲಸ ಹೀಗೆ ಶುರುವಾಯಿತು. ಮೊಮ್ಮಗಳು ಬರೆದದ್ದನ್ನು ಅಂಗಡಿಯಲ್ಲಿ ಹಾಳಾದ ಹಾಳೆಯ ಹಿಂಬದಿಗೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ತರುತ್ತಿದ್ದಳು. ನಾನು ಗಟ್ಟಿಯಾಗಿ ಓದಬೇಕು. ನಾನು ಎಲ್ಲಿ ಎಡವಿದೆನೋ ಅಲ್ಲಿ ಪೆನ್ಸಿಲಿನ ಗೀರು. ಅಮ್ಮಮ್ಮನಿಗೆ ತಿಳಿದರೆ ಊರಿಗೆಲ್ಲ ತಿಳಿಯುತ್ತದೆ ಎಂಬುದು ಅವಳ ಲೆಕ್ಕಾಚಾರ. ಮೊದಮೊದಲು ಹಾಳೆಯ ತುಂಬ ಗೀರು ಬೀಳುತ್ತಿತ್ತು. ಕೆಳಗಿನ ದರ್ಜೆಗೆ ಬಿದ್ದ ತಂಡಗಳು, ಮುಚ್ಚಿಹೋದ ಕಲ್ಲಿದ್ದಲ ಗಣಿಯ ಊರಿನ ತಂಡಗಳು, ದೇಶವನ್ನು ಸೀಳಿದ್ದ ಗೋಡೆ ಬಿದ್ದ ಮೇಲೆ ಯಾರಿಗೂ ಬೇಡವಾದ ಪೂರ್ವದ ಕಡೆಯ ತಂಡಗಳು, ಎಲ್ಲವನ್ನೂ ಮೀನು ಮಾರಿ ಬಂದು ಬೆನ್ನು ಗೋಡೆಗೆ ಕೊಟ್ಟು ಓದಿದೆ. ಮೂರು ವರ್ಷ.

ಅವಳು ಎಲ್ಲಕ್ಕಿಂತ ಹೆಚ್ಚು ಕಷ್ಟಪಟ್ಟದ್ದು ಅಲ್ಲಿಯ ಹೆಂಗಸರ ಆಟದ ಪುಟಕ್ಕೆ. ಒಂದು ಕಾಲದಲ್ಲಿ ಅಲ್ಲಿ ಹೆಂಗಸರು ಫುಟ್‌ಬಾಲ್ ಆಡಬಾರದು ಎಂದು ನಿಷೇಧವೇ ಇತ್ತಂತೆ. ಆಮೇಲೆ ಬಿಟ್ಟರು. ಅವರು ಆಡಿ ಯುರೋಪಿಗೇ ಮೊದಲಿಗರಾಗಿ ಬಂದಾಗ ಕೊಟ್ಟ ಬಹುಮಾನ ಕಾಫಿ ಕುಡಿಯುವ ಪಿಂಗಾಣಿ ಸೆಟ್ಟು. ಅದನ್ನು ಓದಿ ನಾನು ನಗಲಿಲ್ಲ. ನಮ್ಮ ಮಾರ್ಕೆಟ್ಟಿನಲ್ಲೊಮ್ಮೆ ಹಳಬರಿಗೆ ಸನ್ಮಾನ ಮಾಡಿದ್ದರು. ಗಂಡಸರಿಗೆ ಶಾಲು ಹೊದೆಸಿದರು, ನಮಗೆ ಒಂದೊಂದು ಪ್ಲಾಸ್ಟಿಕ್ ಬಾಲ್ದಿ. ಬಾಲ್ದಿ ಹಿಡಿದುಕೊಂಡು ಫೋಟೋಕ್ಕೆ ನಿಂತವಳು ನಾನು. ಹೆಂಗಸರ ಆಟದ ಆ ಪುಟವನ್ನು ವಿಶ್ವಕೋಶದ ಮೊದಲ ಪುಟದಲ್ಲಿ ತೋರಿಸಲು ಆರಿಸಿದ್ದರು. ಅಲ್ಲಿ ಬಂದರೆ ಕನ್ನಡ ಓದುವವರೆಲ್ಲ ನೋಡುತ್ತಾರೆ ಎಂದಳು ಮೊಮ್ಮಗಳು. ಗೋಲು ಕಾಯುವ ಕೈಗವಸು ಕಟ್ಟಿಟ್ಟ ಮೇಲೆ ಅವಳ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ.

ನನ್ನ ಹೆಸರಿನಲ್ಲೂ ಅವಳು ಒಂದು ಖಾತೆ ತೆರೆದು ಕೊಟ್ಟಿದ್ದಳು, ಮನೆಯ ಹಳೇ ಫೋನಿನಲ್ಲಿ. ಒಂದು ಬೆರಳಿನಲ್ಲಿ ಕುಟ್ಟಿ ಒತ್ತಕ್ಷರ, ದೀರ್ಘ ಸರಿ ಮಾಡುತ್ತಿದ್ದೆ.

ಆಗ ಒಬ್ಬರು ತಕರಾರು ತೆಗೆದರು. ಅವರು ಯಾರೋ, ಎಲ್ಲಿಯವರೋ. ಈ ಪುಟಗಳು ಕನ್ನಡಿಗರಿಗೆ ಬೇಡದ್ದು, ಭಾಷೆ ಯಂತ್ರದ್ದು, ಎಲ್ಲವನ್ನೂ ಅಳಿಸಬೇಕು ಎಂದು ಬರೆದರು. ಅಂಥದ್ದಕ್ಕೆ ಅಲ್ಲಿ ಒಂದು ವಾರ ಚರ್ಚೆ. ಕೆಳಗೆ ಜನ ಬಂದು ಇರಲಿ ಎಂದೋ ಅಳಿಸಿ ಎಂದೋ ಬರೆಯುತ್ತಾರೆ. ಬೇಡದ್ದು ಎಂದದ್ದನ್ನು ಸಹಿಸಿಕೊಂಡೆ. ಯಂತ್ರದ್ದು ಎಂದದ್ದನ್ನು ಸಹಿಸಲಾಗಲಿಲ್ಲ. ಪ್ರತಿ ಸಾಲೂ ನನ್ನ ಬಾಯಲ್ಲಿ ಬಂದು ಹೋದದ್ದು. ಯಂತ್ರ ಎಂದರೆ ನಾನೋ?

ಮೊಮ್ಮಗಳು ಮೊದಲೇ ಹೇಳಿದ್ದಳು, ಅದನ್ನು ಮುಚ್ಚಿಡುವುದಿಲ್ಲ. "ಅಮ್ಮಮ್ಮ, ನೀವ್ ಎಂತದೂ ಮಾಡುಕಾಗ. ಅಲ್ಲಿ ಕೈ ಎತ್ತಿರೆ ಆತಿಲ್ಲೆ, ಕಾರಣ ಹೇಳ್ಕ್."

"ನಾನ್ ಓದಿದ್ದೆ. ಅದ್ಕಿಂತ ಕಾರಣ ಎಂತ ಬೇಕ್?" ಎಂದೆ.

ಅವಳು ಬಸ್ಸಿಗೆ ಹೊತ್ತಾಯಿತೆಂದು ಅಂಗಡಿಗೆ ಹೋದಳು.

ನಮ್ಮಲ್ಲಿ ಒಂದು ಕ್ರಮ ಇದೆ. ನಮ್ಮ ಜಾತಿಯ ಕೂಟದಲ್ಲಿ ಒಬ್ಬರ ಮೇಲೆ ದೂರು ಬಂದರೆ ಅವರ ಮನೆಯವರು ಎದ್ದು ನಿಲ್ಲಬೇಕು, ನೆರೆಮನೆಯವರೂ ನಿಲ್ಲಬೇಕು. ಮನೆಯವರೇ ತಲೆ ತಗ್ಗಿಸಿ ಕೂತರೆ ತಪ್ಪು ಒಪ್ಪಿಕೊಂಡ ಹಾಗೆ. ನನ್ನ ಗಂಡನ ಮೇಲೆ ಬಲೆ ಕೊಯ್ದ ದೂರು ಬಂದಾಗ ಐದು ಮನೆಯವರು ಎದ್ದು ನಿಂತಿದ್ದರು, ಅದಕ್ಕೇ ಅವರು ಉಳಿದದ್ದು. ನನಗೆ ಗೊತ್ತಿದ್ದ ನ್ಯಾಯ ಅದೊಂದೇ.

ಆ ಮಧ್ಯಾಹ್ನ ಮೂವರು ಹೆಂಗಸರನ್ನು ಜಗಲಿಗೆ ಕರೆದೆ. ಇಬ್ಬರು ನನ್ನ ಜೊತೆ ಮೀನು ಮಾರುವವರು, ಒಬ್ಬಳು ಪಕ್ಕದ ಮನೆಯ ಸೊಸೆ. ಸೊಸೆಗೆ ಫೋನು ಚೆನ್ನಾಗಿ ಗೊತ್ತು. ಅವಳೇ ಮೂವರಿಗೂ ನಮ್ಮ ಹಳೇ ಫೋನಿನಲ್ಲೇ ಖಾತೆ ಮಾಡಿದಳು.

"ಹ್ವಾಯ್, ಜರ್ಮನಿಯವ್ರ್ ಬಂಗಡೆ ತಿಂತ್ರಾ?" ಎಂದು ಒಬ್ಬಳು ಕೇಳಿದಳು.

"ತಿಂತ್ರೋ ಇಲ್ಯೋ, ನೀ ಒತ್ತ್ ಮಾರಾಯ್ತಿ," ಎಂದೆ.

ಮೊದಲು ನಾನು ಬರೆದೆ: ಇರಲಿ, ನಾನು ಓದಿದ್ದೇನೆ. ಅದನ್ನೇ ನೋಡಿ ಉಳಿದವರೂ ಬರೆದರು: ಇರಲಿ, ನಾನು ಓದಿದ್ದೇನೆ. ಅವರು ಓದಿರಲಿಲ್ಲ. ಆದರೆ ನಾನು ಹಾಳೆ ಹಿಡಿದು ಗಟ್ಟಿಯಾಗಿ ಓದುವಾಗ ಬೇಲಿಯಾಚೆಯಿಂದ ಕೇಳಿದವರೇ. ಎಲ್ಲ ಮುಗಿಯಲು ಒಂದು ಚಾ ಕುಡಿಯುವಷ್ಟು ಹೊತ್ತು ಹಿಡಿಯಿತು. ನಾನು ದೊಡ್ಡ ಕೆಲಸ ಮಾಡಿದ ಹಾಗೆ ಸಂಜೆ ಮೊಮ್ಮಗಳಿಗೆ ಕಾಯ್ದು ಕೂತೆ. ಹೇಳಿದೆ. ಅವಳು ಚಪ್ಪಲಿ ಬಿಚ್ಚುತ್ತಿದ್ದವಳು ಹಾಗೇ ನಿಂತಳು.

ಎರಡು ದಿನದಲ್ಲಿ ತೀರ್ಪು ಬಂತು. ಒಂದೇ ಫೋನು, ಒಂದೇ ಮನೆಯ ಸಂಪರ್ಕ, ಒಂದು ಚಾ ಕುಡಿಯುವ ಹೊತ್ತಿನೊಳಗೆ ನಾಲ್ಕು ಹೆಸರು, ನಾಲ್ವರದ್ದೂ ಅದೇ ಮಾತು. ಅದೇ ಮನೆಯಿಂದ ಬರೆಯುವ ಇನ್ನೊಂದು ಹೆಸರು ನನ್ನ ಮೊಮ್ಮಗಳದ್ದು. ಆದ್ದರಿಂದ ಐವರೂ ಒಬ್ಬರೇ, ಅವಳೇ ಸುಳ್ಳು ಹೆಸರು ಕಟ್ಟಿಕೊಂಡು ಬಂದದ್ದು ಎಂದರು. ಅವಳಿಗೆ ಬೀಗ, ನಮಗೂ ಬೀಗ, ಇನ್ನು ಅಲ್ಲಿ ಬರೆಯುವ ಹಾಗಿಲ್ಲ. ಹೆಂಗಸರ ಆಟದ ಪುಟ ಮೊದಲ ಪುಟದ ಪಟ್ಟಿಯಿಂದ ಹೋಯಿತು. ವಾರ ಮುಗಿಯುವಾಗ ಆ ಪುಟವನ್ನೇ ಅಳಿಸಿದರು. ಎಪ್ಪತ್ತು ದಾಟಿದ ನಾನು ಇಲ್ಲವೇ ಇಲ್ಲ ಎಂದು ಕಂಡು ಕೇಳದವರು ತೀರ್ಮಾನ ಮಾಡಿದರು.

ಮೊಮ್ಮಗಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹೇಳಿದ್ದು ಒಂದೇ ಮಾತು, "ನೀವ್ ನನ್ನನ್ನ್ ಕೇಳ್ಕಿತ್ತ್ ಅಮ್ಮಮ್ಮ." ಆಮೇಲೆ ಹಾಳೆ ತರುವುದು ನಿಲ್ಲಿಸಿದಳು. ಆಟ ನೋಡುವುದನ್ನೂ ನಿಲ್ಲಿಸಿದಳು.

ಬೈಂದೂರಿನ ಪೋಸ್ಟ್‌ಮ್ಯಾನರಿಗೆ ಫೋನು ಮಾಡಿಸಿದೆ. ಅವರು ಈಗಾಗಲೇ ಅಲ್ಲಿ ಅವಳ ಪರವಾಗಿ ಬರೆದಿದ್ದರು. "ಆ ಹೆಣ್ಣ್ ಹಾಂಗ್ ಮಾಡುದಲ್ಲ ಅಂದೇಳಿ ಬರ್ದಿದ್ದೆ ಅಮ್ಮ. ಆರೆ ನಾ ನಿಮ್ಮನ್ನ್ ಕಂಡವ ಅಲ್ಲ. ಕಂಡವ್ರ್ ಹೇಳ್ಕ್," ಎಂದರು. ಅವರು ಹೇಳಿದ್ದು ಸರಿ. ಮೂವತ್ತು ವರ್ಷ ಮನೆ ಬಾಗಿಲಲ್ಲಿ ನಿಂತು, ಆಳನ್ನು ಕಂಡು, ಸಹಿ ಹಾಕಿಸಿಕೊಂಡು ರಿಜಿಸ್ಟರ್ ಕಾಗದ ಕೊಟ್ಟವರು.

ನನ್ನನ್ನು ಕಂಡ ಲೆಕ್ಚರರಮ್ಮ ಬ್ರಹ್ಮಾವರದಲ್ಲಿದ್ದರು. ಅವರು ಅಲ್ಲಿ ಒಂದು ಅಕ್ಷರ ಬರೆದಿರಲಿಲ್ಲ. ಮೊಮ್ಮಗಳ ಫೋನು ಎತ್ತುತ್ತಿರಲಿಲ್ಲ. ಒಂದು ಆದಿತ್ಯವಾರ ನಾನೇ ಬಸ್ಸು ಹತ್ತಿ ಹೋದೆ. ಸಾಸ್ತಾನದ ಟೋಲಿನಲ್ಲಿ ಬಸ್ಸು ನಿಂತಾಗ ಏನೇನು ಹೇಳಬೇಕು ಎಂದು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಅಲ್ಲಿ ಹೋದ ಮೇಲೆ ಅದು ಯಾವುದೂ ಬೇಕಾಗಲಿಲ್ಲ. ಅವರು ಬಾಗಿಲಲ್ಲಿ ನನ್ನನ್ನು ಕಂಡದ್ದೇ ಮುಖ ಸಣ್ಣ ಮಾಡಿದರು. ಒಳಗೆ ಕೂರಿಸಿ, ಬಸಿಯ ಮೇಲೆ ಹೂವಿನ ಚಿತ್ರದ ಕಪ್ಪಿನಲ್ಲಿ ಕಾಫಿ ತಂದಿಟ್ಟರು.

"ಈಗ ನಾ ಬಾಯಿ ಹಾಕಿರೆ ನನ್ನನ್ನೂ ಅದ್ರಲ್ಲೇ ಸೇರ್ಸ್ತ್ರ್ ಅಮ್ಮ," ಎಂದರು. ಅವರನ್ನು ಅಲ್ಲಿಯ ನಿರ್ವಾಹಕಿ, ಅಂದರೆ ಬೀಗ ಹಾಕುವ ತೆಗೆಯುವ ಅಧಿಕಾರದವರು, ಮಾಡಬೇಕೆಂದು ಮಾತು ನಡೆದಿದೆಯಂತೆ. ಈ ಹೊತ್ತಿನಲ್ಲಿ ಹೆಸರು ಕೆಡಿಸಿಕೊಂಡರೆ ಮುಂದೆ ಯಾರಿಗೂ ಸಹಾಯ ಮಾಡಲಾಗುವುದಿಲ್ಲವಂತೆ. ಸ್ವಲ್ಪ ಸಮಯ ಹೋಗಲಿ ಎಂದರು.

"ನಾ ಇದ್ನಾ, ಇಲ್ಯಾ? ಅದೊಂದ್ ಹೇಳಿ," ಎಂದೆ.

"ಇದ್ರಿ."

"ಅದ್ನೇ ಬರೀರಿ. ಬೇರೆ ಎಂತದೂ ಬೇಡ."

ಅವರು ನನ್ನ ಕಪ್ಪನ್ನು ನೋಡುತ್ತಾ ಕೂತರು. ಕಾಫಿಯ ಮೇಲೆ ಕೆನೆ ಕಟ್ಟಿತು. ಕೆಟ್ಟ ಹೆಂಗಸಲ್ಲ ಅವರು, ನನಗೆ ಗೊತ್ತು. ಕೆಟ್ಟವರಾಗಿದ್ದರೆ ಬಾಯಿಗೆ ಬಂದದ್ದು ಬೈದು ಹಗುರಾಗಿ ಬರುತ್ತಿದ್ದೆ. ನನ್ನ ಅನ್ನ ಉಂಡವರು ನನ್ನೆದುರೇ ಕೂತು, ನಾನು ಇದ್ದೇನೆ ಎಂದು ಬಾಯಲ್ಲಿ ಹೇಳಿ, ಕೈಯಲ್ಲಿ ಬರೆಯಲು ಒಪ್ಪಲಿಲ್ಲ. ಕಾಫಿ ಮುಟ್ಟದೆ ಎದ್ದು ಬಂದೆ. ಕೊಟ್ಟದ್ದನ್ನು ಮುಟ್ಟದೆ ಎದ್ದರೆ ಆ ಮನೆಯ ಸಂಬಂಧ ಇನ್ನು ಬೇಡವೆಂದೇ ನಮ್ಮ ಕಡೆ ಅರ್ಥ. ಅವರಿಗೂ ಗೊತ್ತಾಗಿರಬೇಕು, ಗೇಟಿನವರೆಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬುಟ್ಟಿ ಮುಟ್ಟಲಿಲ್ಲ. ಪೆನ್ಸಿಲಿನ ಗೀರು ಬಿದ್ದ ಹಾಳೆಗಳನ್ನೆಲ್ಲ ಅಕ್ಕಿಚೀಲದಲ್ಲಿ ತುಂಬಿಕೊಂಡೆ. ಆ ಮೂವರನ್ನು ಎಬ್ಬಿಸಿ ಹೊರಡಿಸಿದೆ. ಅವತ್ತಿನ ಮೀನು ಹೋಯಿತೆಂದು ಇಬ್ಬರು ದಾರಿಯುದ್ದಕ್ಕೂ ಗೊಣಗಿದರು, ಸೊಸೆ ಅತ್ತೆಗೆ ಸುಳ್ಳು ಹೇಳಿ ಬಂದಿದ್ದಳು. ನಾಲ್ವರೂ ಬೈಂದೂರಿನ ಬಸ್ಸು ಹತ್ತಿದೆವು. ಅಲ್ಲಿ ಇಳಿದು ಕೇಳಿಕೊಂಡು ಕೇಳಿಕೊಂಡು ಪೋಸ್ಟ್‌ಮ್ಯಾನರ ಮನೆ ಹುಡುಕಿದೆವು. ಅವರು ಗೋಡೆ ಹಿಡಿದುಕೊಂಡು ಜಗಲಿಗೆ ಬಂದರು. ನಾನು ಯಾರೆಂದು ಹೇಳಿ, ಹಾಳೆಯ ಚೀಲವನ್ನು ಅವರ ಕಾಲ ಬುಡದಲ್ಲಿಟ್ಟೆ.

"ನಾವ್ ನಾಲ್ಕ್ ಜನ ಇದ್ದೊ," ಎಂದೆ. "ಒಬ್ಬೊಬ್ರಾಯ್ ಎಣ್ಸ್ಕಣಿ."

ಅವರು ಕನ್ನಡಕ ತರಲು ಒಳಗೆ ಹೋದರು. ನಾವು ಅಂಗಳದಲ್ಲಿ ಸಾಲಾಗಿ ನಿಂತೆವು.