ಕುಡಿದ ನೀರಿನ ಮೇಲೆ ಹೇಳಿದ ಸುಳ್ಳು

ಮೂರು ತಿಂಗಳು ನಾನು ಶಿವಮೊಗ್ಗದಲ್ಲಿ ನೀರಿನ ಮೇಲೆ ಸುಳ್ಳು ಹೇಳಿಕೊಂಡು ತಿರುಗಿದೆ. ಅದೇ ನನ್ನ ಕೆಲಸವಾಗಿತ್ತು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಬರವಣಿಗೆ ಅಷ್ಟಕ್ಕಷ್ಟೇ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ರವೀಂದ್ರನಗರದ ಒಬ್ಬ ಅಮ್ಮನ ಋಣ ನನ್ನ ಮೇಲಿದೆ.

ಮಾಚೇನಹಳ್ಳಿಯಲ್ಲಿ ನೀರು ಶುದ್ಧ ಮಾಡುವ ಮಿಷಿನ್ ಜೋಡಿಸುವ ಒಂದು ಸಣ್ಣ ಕಂಪನಿ. ಭದ್ರಾವತಿಯ ನಮ್ಮ ಮನೆಯಿಂದ ಬೈಕಿನಲ್ಲಿ ಹೋಗಿ, ಅಲ್ಲಿ ಬ್ಯಾಗ್ ತೆಗೆದುಕೊಂಡು, ಶಿವಮೊಗ್ಗದ ಬೀದಿ ಬೀದಿ ಸುತ್ತಬೇಕು. ಮೂರು ತಿಂಗಳಲ್ಲಿ ಹತ್ತು ಮಿಷಿನ್ ಮಾರಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಮನೆಗೆ. ಅದಕ್ಕೆ ಮುಂಚೆ ನಾಲ್ಕು ಕಡೆ ಕೆಲಸ ಬಿಟ್ಟಿದ್ದೆ. ಐದನೆಯದೂ ಹೋಯಿತು ಅಂತ ಮನೆಯಲ್ಲಿ ಹೇಳುವ ಮುಖ ನನಗಿರಲಿಲ್ಲ.

ಬ್ಯಾಗಿನಲ್ಲಿ ಒಂದು ಪುಟ್ಟ ಪೆಟ್ಟಿಗೆ, ಅದಕ್ಕೆ ನಾಲ್ಕು ಲೋಹದ ಕಡ್ಡಿ. ಒಂದು ಲೋಟದಲ್ಲಿ ಮನೆಯವರ ನೀರು, ಇನ್ನೊಂದರಲ್ಲಿ ನಮ್ಮ ಮಿಷಿನ್ನಿನ ನೀರು. ಎರಡರಲ್ಲೂ ಕಡ್ಡಿ ಮುಳುಗಿಸಿ ಕರೆಂಟು ಕೊಟ್ಟರೆ, ಸ್ವಲ್ಪ ಹೊತ್ತಿಗೆ ಅವರ ನೀರು ಕಂದು ಬಣ್ಣಕ್ಕೆ ತಿರುಗಿ ಮೇಲೆ ನೊರೆ ಕಟ್ಟುತ್ತದೆ. ನಮ್ಮದು ಹಾಗೇ ಇರುತ್ತದೆ. "ನೋಡಿ, ನೀವು ದಿನಾ ಕುಡಿಯೋದು ಇದನ್ನ" ಅನ್ನಬೇಕು. ಅಷ್ಟೇ. ಹೆಂಗಸರು ಮಕ್ಕಳ ಮುಖ ನೋಡುತ್ತಿದ್ದರು.

ನಿಜ ಏನೆಂದರೆ, ಯಾವ ಒಳ್ಳೆಯ ನೀರಿನಲ್ಲೂ ಸ್ವಲ್ಪ ಉಪ್ಪಿನಂಶ ಇರುತ್ತದೆ. ಅದರಿಂದ ಕರೆಂಟು ಹರಿದು ಕಡ್ಡಿಯ ಕಬ್ಬಿಣವೇ ಕರಗಿ ಬಿಡುತ್ತದೆ. ಆ ಬಣ್ಣ ತುಕ್ಕಿನದು. ನಮ್ಮ ಮಿಷಿನ್ ಆ ಉಪ್ಪನ್ನೂ ತೆಗೆದುಬಿಡುತ್ತದೆ, ಅದಕ್ಕೇ ಅದರ ನೀರು ಬಣ್ಣ ತಿರುಗುವುದಿಲ್ಲ. ಕಬ್ಬಿಣದ ಊರಿನಲ್ಲಿ ಹುಟ್ಟಿದವನಿಗೆ ತುಕ್ಕನ್ನು ಯಾರೂ ತೋರಿಸಿಕೊಡಬೇಕಾಗಿಲ್ಲ. ಮೊದಲ ದಿನವೇ ಗೊತ್ತಾಯಿತು. ಬಾಯಿ ಮುಚ್ಚಿಕೊಂಡೆ.

ನಮ್ಮ ಕಡೆ ಬಾಗಿಲಿಗೆ ಯಾರು ಬಂದರೂ ಮೊದಲು ಕೇಳುವುದು ಬಾಯಾರಿಕೆಗೆ ಏನು ಬೇಕು ಅಂತ. ಬೇಡ ಅಂದರೂ ಒಂದು ತಂಬಿಗೆ ನೀರು, ತಟ್ಟೆಯಲ್ಲಿ ಒಂದು ಚೂರು ಬೆಲ್ಲ ಬರುತ್ತದೆ. ಏಪ್ರಿಲ್ ಬಿಸಿಲು. ಬೆಲ್ಲ ಕಚ್ಚಿ ಗಟಗಟ ಕುಡಿಯುತ್ತಿದ್ದೆ. ಬಾಯಿ ಒರೆಸಿಕೊಂಡು, ಬ್ಯಾಗ್ ತೆಗೆದು, ಅದೇ ನೀರನ್ನು ವಿಷ ಅನ್ನುತ್ತಿದ್ದೆ. ಇದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ.

ಒಂಬತ್ತು ಮಾರಿಯಾಗಿತ್ತು. ಒಂದು ಮಿಷಿನ್ ಬಾಕಿ, ಮೂರು ದಿನ ಬಾಕಿ. ರವೀಂದ್ರನಗರದ ಒಂದು ಹಳೇ ಮನೆಯ ಗೇಟು ತೆಗೆದೆ. ಅರವತ್ತೈದರ ಮೇಲಿನ ಅಮ್ಮ ಒಬ್ಬರು ಬಂದರು. ರಿಟೈರಾದ ಟೀಚರು. ಒಳಗಿನಿಂದ ಅವರ ಯಜಮಾನರು ಮಂತ್ರ ಹೇಳಿಕೊಳ್ಳುವುದು ಕೇಳುತ್ತಿತ್ತು. ಮುಂದಿನ ತಿಂಗಳು ಮಗಳು ಬಾಣಂತನಕ್ಕೆ ಬರುತ್ತಾಳೆ, ಒಂದು ಮಿಷಿನ್ ಬೇಕಾಗಿತ್ತು ಅಂತ ಅವರೇ ಹೇಳಿದರು. ಹತ್ತನೆಯದು ಆಯಿತು ಅಂದುಕೊಂಡೆ. ಬೆಲ್ಲ ತಿಂದೆ, ತಂಬಿಗೆ ಖಾಲಿ ಮಾಡಿದೆ, ಕಡ್ಡಿ ಮುಳುಗಿಸಿದೆ, ನೀರು ಕಂದಾಯಿತು, ಹೇಳುವುದನ್ನೆಲ್ಲ ಹೇಳಿದೆ.

ಅಮ್ಮ ಲೋಟವನ್ನು ನೋಡಿದರು, ಖಾಲಿ ತಂಬಿಗೆಯನ್ನೂ ನೋಡಿದರು.

"ನೀನೀಗ ಕುಡಿದಿದ್ದು ಯಾವ ನೀರು ಮಾರಾಯ?"

"ಇದೇ ಅಮ್ಮ. ನಿಮ್ಮನೇದು."

"ಕುಡಿಯೋವಾಗ ಏನೂ ಅನ್ನಿಸ್ಲಿಲ್ವಾ?"

"ಇಲ್ಲ. ಚೆನ್ನಾಗಿತ್ತು."

"ಯಾವೂರು ನಿಂದು?"

"ಭದ್ರಾವತಿ."

"ಹೌದಾ. ಭದ್ರೆ ನೀರು ಕುಡ್ದು ಬೆಳೆದೋನು. ಅದಕ್ಕೇ ನಮ್ಮ ತುಂಗೆ ಮೇಲೆ ಹೊಟ್ಟೆಕಿಚ್ಚು."

ನನಗೆ ನಗು ಬಂತು. ಅವರು ನಗಲಿಲ್ಲ.

"ಈಗ ಸರಿಯಾಗಿ ಹೇಳು. ಈ ಬಣ್ಣ ನೀರಿಂದ ಬಂತೋ, ಕಡ್ಡಿಯಿಂದ ಬಂತೋ?"

ನೀರಿನಿಂದ ಅಂದಿದ್ದರೆ ಕೆಲಸ ಉಳಿಯುತ್ತಿತ್ತು. ಆ ಮಾತು ನಾಲಿಗೆಯ ಮೇಲೇ ಇತ್ತು. ಆದರೆ ಅವರ ನೀರು ಹೊಟ್ಟೆಯೊಳಗೆ ಇನ್ನೂ ತಣ್ಣಗಿತ್ತು.

"ಕಡ್ಡಿಯಿಂದ" ಅಂದೆ.

"ಮತ್ತೆ ಇಷ್ಟೊತ್ತು ಒದರಿದ್ದು?"

"ಕಂಪನೀಲಿ ಹೇಳಿಕೊಟ್ಟಿದ್ದು."

ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. "ಮನೆಗೆ ಬಾಣಂತಿ ಬರ್ತಾಳೆ. ಈ ನೀರು ಕೊಡ್ಲೋ ಬೇಡ್ವೋ, ಅದನ್ನ ಹೇಳು. ಗೊತ್ತಿದ್ರೆ ಹೇಳು, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು."

ನನ್ನ ಹತ್ತಿರ ಹಾಗೆ ಯಾರೂ ಕೇಳಿರಲಿಲ್ಲ. ನೆಲದಡಿಯ ಟ್ಯಾಂಕು, ಅಂದರೆ ಸಂಪು, ಎಲ್ಲಿದೆ ಅಂತ ಕೇಳಿ, ಹೋಗಿ ಮುಚ್ಚಳ ಎತ್ತಿದೆ. ಮುಚ್ಚಳದ ಒಂದು ಮೂಲೆ ಒಡೆದಿತ್ತು. ಮೊಬೈಲಿನ ಟಾರ್ಚ್ ಹಾಕಿದರೆ ಕೆಳಗೆ ಎಲೆ, ಕೆಸರು, ಗೋಡೆ ಸೀಳಿಕೊಂಡು ಬಂದ ದಾಸವಾಳದ ಬೇರು.

"ಗಾಜನೂರು ಡ್ಯಾಮಿಂದ ಬರೋ ನೀರಿಗೆ ಏನೂ ಆಗಿಲ್ಲ ಅಮ್ಮ. ನಿಮ್ಮ ಸಂಪು ಗಲೀಜು. ಯಾವಾಗ ತೊಳೆಸಿದ್ದು?"

"ಮನೆ ಕಟ್ಟಿದಾಗ ತೊಳೆಸಿದ್ದಪ್ಪ" ಅಂದರು.

"ಇದನ್ನ ತೊಳೆಸಿ, ಮುಚ್ಚಳ ಬದಲಾಯಿಸಿ, ನೀರು ಕುದಿಸಿ ಆರಿಸಿ ಕೊಡಿ. ಮಳೆಗಾಲದಲ್ಲಿ ಕೆಂಪು ನೀರು ಬಂದಾಗ್ಲಂತೂ ಕುದಿಸ್ದೆ ಕೊಡ್ಬೇಡಿ. ಮಿಷಿನ್ ಬೇಡ."

ಹೊರಗೆ ಬಂದ ಮೇಲೆ, ನಾನೂ ಆ ಸಂಪಿನ ನೀರನ್ನೇ ಒಂದು ತಂಬಿಗೆ ಕುಡಿದದ್ದು ನೆನಪಾಯಿತು. ಏನೂ ಆಗಲಿಲ್ಲ ಬಿಡಿ.

ಉಳಿದ ಎರಡು ದಿನ ಬ್ಯಾಗ್ ತೆರೆಯಲು ಕೈ ಬರಲಿಲ್ಲ. ಅದರ ಮರುದಿನ ಹೋಗಿ ಅದನ್ನು ಮ್ಯಾನೇಜರ್ ಟೇಬಲ್ ಮೇಲಿಟ್ಟೆ.

"ಒಂಬತ್ತು ಮಾಡಿದೋನಿಗೆ ಒಂದು ಆಗಲ್ವೇನೋ? ಕಡ್ಡಿ ಕೆಟ್ಟೋಯ್ತಾ?"

"ಕಡ್ಡಿ ಸರಿಯಿದೆ ಸಾರ್. ನಂಗೇ ಆಗಲ್ಲ."

"ದೊಡ್ಡ ಸತ್ಯವಂತ ಬಂದ. ಹೋಗು, ಹೊಳೆ ದಂಡೆ ಮೇಲೆ ಕೂತ್ಕೊಂಡು ನೀರು ಕುಡಿ."

ಆ ಒಂಬತ್ತು ಮನೆಗಳಿಗೆ ಹೋಗಿ ನಿಜ ಹೇಳಬೇಕು ಅಂತ ಇವತ್ತಿಗೂ ಅಂದುಕೊಳ್ಳುತ್ತೇನೆ. ಹೋಗಿಲ್ಲ. ಧೈರ್ಯ ಬಂದಿಲ್ಲ.

ಭಾನುವಾರ ಆ ಅಮ್ಮನ ಫೋನು ಬಂತು, ಮೊದಲು ಕೊಟ್ಟಿದ್ದ ಕಾರ್ಡಿನಲ್ಲಿ ನನ್ನ ನಂಬರಿತ್ತು. ಸಂಪು ತೊಳೆಯುವವರು ಯಾರಾದರೂ ಗೊತ್ತಾ ಅಂತ. ನನಗೆ ಬೇರೆ ಕೆಲಸ ಇರಲಿಲ್ಲ, ನಾನೇ ಬರ್ತೀನಿ ಅಂದೆ. ಮರುದಿನ ಬೆಳಗ್ಗೆಯೇ ಹೋಗಿ ಮುಚ್ಚಳ ತೆಗೆದಿಟ್ಟು ಗಾಳಿಯಾಡಲು ಬಿಟ್ಟು, ಉಳಿದ ನೀರು ಮೊಗೆದು ಗಿಡಗಳಿಗೆ ಹಾಕಿ, ಏಣಿ ಇಳಿದೆ. ಮೊಣಕಾಲಿನವರೆಗೆ ಕೆಸರು. ಬಕೆಟ್ಟಿನಲ್ಲಿ ತುಂಬಿ ಮೇಲೆ ಎತ್ತಿ ಕೊಡುತ್ತಿದ್ದೆ, ಅಮ್ಮ ಸೆರಗು ಸಿಕ್ಕಿಸಿಕೊಂಡು ಎಳೆದುಕೊಳ್ಳುತ್ತಿದ್ದರು.

ಯಜಮಾನರು ಹೊರಗೆ ಬಂದದ್ದು ಕೆಳಗಿನಿಂದಲೇ ಗೊತ್ತಾಯಿತು.

"ಹುಡುಗ ಯಾರ ಪೈಕಿ?" ಅಂತ ಕೇಳಿದರು.

ನಮ್ಮ ಕಡೆ ಈ ಪ್ರಶ್ನೆ ಕೇಳುವುದು ಜಾತಿ ತಿಳಿಯಲು. ದೇವರಿಗೆ ಇಡುವ ನೀರಿನ ಸಂಪಿನಲ್ಲಿ ನಾನು ನಿಂತಿದ್ದೆ. ನನ್ನನ್ನೇ ಕೇಳಿದರೆ ಹೇಳೋಣ, ಏಣಿ ಹತ್ತಿ ಹೋಗೋಣ ಅಂತ ಬ್ರಷ್ ಕೆಳಗಿಟ್ಟೆ.

"ಸಂಪಿಗೆ ಇಳಿಯೋರ ಪೈಕಿ" ಅಂದರು ಅಮ್ಮ. "ನೀವು ಇಳೀತೀರಾ ಅಂದ್ರೆ ಹೇಳಿ, ಅವನನ್ನ ಮೇಲೆ ಕರೀತೀನಿ."

ಚಪ್ಪಲಿ ಸದ್ದು ಒಳಗೆ ಹೋಯಿತು. ನಾನು ಬ್ರಷ್ ಎತ್ತಿಕೊಂಡೆ. ಬ್ಲೀಚಿಂಗ್ ಪೌಡರ್ ಹಾಕಿ ಗೋಡೆ ಉಜ್ಜಿ, ಎರಡು ಸಲ ತೊಳೆದು, ಹಳೇ ಪಂಚೆಯಿಂದ ನೆಲ ಒರೆಸಿದೆ. ಕತ್ತರಿಸಿದ ಬೇರು ಎರಡು ಮಾರು ಉದ್ದ ಇತ್ತು.

ಅವತ್ತು ನಾಲ್ಕು ಗಂಟೆಗೆ ನೀರು ಬಿಟ್ಟರು. ಅಮ್ಮ ನನ್ನನ್ನು ಹೋಗಲು ಬಿಟ್ಟಿರಲಿಲ್ಲ, ನೀರು ಬರುವುದನ್ನು ನೋಡಿಕೊಂಡು ಹೋಗು ಅಂದಿದ್ದರು. ತೊಳೆದ ನೆಲದ ಮೇಲೆ ತುಂಗೆ ನೀರು ಹರಡಿಕೊಳ್ಳುವುದನ್ನು ಇಬ್ಬರೂ ಬಗ್ಗಿ ನೋಡಿದೆವು. ಕೆಳಗಿನ ಸಿಮೆಂಟು ಕಾಣುತ್ತಿತ್ತು. ಯಾವ ಕೆಲಸದಲ್ಲೂ ನನಗೆ ಅಂಥ ಸಮಾಧಾನ ಸಿಕ್ಕಿರಲಿಲ್ಲ.

ಯಜಮಾನರು ಮತ್ತೆ ಬಂದರು. ಮಡಿ ಉಟ್ಟಿದ್ದರು. ಸಂಜೆಯ ಜಪಕ್ಕೆ ಹೊರಟವರು. ಕೈಯಲ್ಲಿ ಉಜ್ಜಿ ಹೊಳೆಯುತ್ತಿದ್ದ ತಾಮ್ರದ ಚೊಂಬು. ಅದನ್ನು ನನ್ನ ಹತ್ತಿರ ನೆಲದ ಮೇಲಿಟ್ಟರು.

"ನಂಗೆ ಸಂಪಿನೊಳಗೆ ಬಗ್ಗಕ್ಕಾಗಲ್ಲ. ತುಂಬಿಸು" ಅಂದರು.

ಒಳಗೆ ಬೀಳುತ್ತಿದ್ದ ನೀರಿಗೆ ಹಿಡಿದು ತುಂಬಿಸಿಟ್ಟೆ. ಎತ್ತಿಕೊಂಡರು. ಅಮ್ಮ ಬೇರೆ ಕಡೆ ನೋಡುತ್ತಿದ್ದರು.

"ಮತ್ತೆ ಯಾವಾಗ ತೊಳೀಬೇಕು ಇದನ್ನ?" ಅಂತ ಯಜಮಾನರು ಕೇಳಿದರು.

"ಆರು ತಿಂಗಳಿಗೆ ಸಾರ್."

"ನೀನೇ ಬಾ. ಎದುರುಮನೆಯೋರು ಆಗ್ಲಿಂದ ಗೇಟಲ್ಲಿ ನಿಂತು ನೋಡ್ತಿದ್ರು. ಅವ್ರದ್ದೂ ಒಂದ್ಸಲ ನೋಡ್ಕೊಂಡು ಹೋಗು."

ಬಟ್ಟೆ ಇನ್ನೂ ಒದ್ದೆಯಾಗಿತ್ತು. ಹಾಗೇ ಹೋಗಿ ಎದುರುಮನೆಯ ಗೇಟು ತಟ್ಟಿದೆ.