ಅಕ್ಕನ ಮನೆಗೆ ಬರುತ್ತಿದ್ದವರು

ಅಕ್ಕನಿಗೆ ನಲವತ್ತು ದಾಟುವ ಮೊದಲೇ ಭಾವ ತೀರಿಕೊಂಡರು. ಮಕ್ಕಳಿರಲಿಲ್ಲ. ಆರ್.ಟಿ. ನಗರದಲ್ಲಿ ಮಹಡಿಯ ಮೇಲೊಂದು ಪುಟ್ಟ ಮನೆ ಬಾಡಿಗೆಗೆ ಹಿಡಿದು, ಸೀರೆಗಳಿಗೆ ಫಾಲ್ಸ್ ಹಾಕಿ, ಕುಚ್ಚು ಕಟ್ಟಿ ಬದುಕುತ್ತಿದ್ದಳು. ಆ ದುಡಿಮೆ ಬಾಡಿಗೆಗೆ ಸರಿಹೋಗುತ್ತಿತ್ತು. ಗ್ಯಾಸಿಗೂ ಬಿಪಿ ಮಾತ್ರೆಗೂ ವಿಧವಾ ಪಿಂಚಣಿಯೇ ಗತಿ.

ಬಸ್ ಸ್ಟಾಪಿನ ಹತ್ತಿರ ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದವರೊಬ್ಬರು ಅವಳ ಮನೆಗೆ ಬರುತ್ತಿದ್ದರು. ಅವರೂ ಹೆಂಡತಿಯನ್ನು ಕಳೆದುಕೊಂಡವರು. ಅಂಗಡಿ ಮುಚ್ಚಿ ಬಂದು, ಊಟ ಮಾಡಿ, ಧಾರಾವಾಹಿ ನೋಡಿ ಹೊರಡುತ್ತಿದ್ದರು. ಧಾರಾವಾಹಿಯ ಅತ್ತೆಯನ್ನು ಇಬ್ಬರೂ ಸೇರಿ ಬೈಯುತ್ತಿದ್ದರಂತೆ. ಅಕ್ಕ ಮತ್ತೆ ಹೂ ಮುಡಿಯತೊಡಗಿದ್ದು ಆಗಲೇ. ಅವರ ನಡುವೆ ಇನ್ನೇನಿತ್ತೆಂದು ನಾನು ಕೇಳಲಿಲ್ಲ, ಕೇಳಬೇಕೆಂದು ಅನ್ನಿಸಲೂ ಇಲ್ಲ.

ಒಂದು ಬೆಳಿಗ್ಗೆ ಪಿಂಚಣಿ ಪರಿಶೀಲನೆಗೆಂದು ಒಬ್ಬಳು ಹುಡುಗಿ ಬಂದಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫೋನು. ನಾನೂ ಅಂದು ಅಲ್ಲಾಳಸಂದ್ರದಿಂದ ಅಲ್ಲಿಗೆ ಹೋಗಿದ್ದೆ. ಹುಡುಗಿ ಒರಟಾಗೇನೂ ನಡೆದುಕೊಳ್ಳಲಿಲ್ಲ. ಮೊದಲು ಅಕ್ಕನ ಫೋಟೊ ತೆಗೆದಳು. ಆಮೇಲೆ ಫ್ರಿಜ್ಜು, ಮಂಚ, ಅಡುಗೆಮನೆ. ಬಚ್ಚಲಿನ ಬಾಗಿಲನ್ನೂ ತಳ್ಳಿ ನೋಡಿದಳು. ಬಾಲ್ಕನಿಯ ತಂತಿಯ ಮೇಲೆ ನೀಲಿ ಶರ್ಟೊಂದು ಒಣಗುತ್ತಿತ್ತು.

"ಇದ್ಯಾರ್ದು ಆಂಟಿ?"

ಅಕ್ಕ ನನ್ನ ಮುಖ ನೋಡಿದಳು. "ನಮ್ಮ ಯಜಮಾನ್ರದ್ದು," ಎಂದೆ ನಾನು.

"ಇರ್ಲಿ ಮೇಡಂ, ಫೋಟೊ ಹಾಕ್ಬೇಕು," ಎಂದು ಅದನ್ನೂ ತೆಗೆದಳು. ಹೋಗುವಾಗ ಕೆಳಗಿದ್ದ ಓನರ್ ಮನೆಯ ಬಾಗಿಲು ಬಡಿದು, ಮೇಲಿನವರ ಮನೆಗೆ ಗಂಡಸರು ಬರ್ತಾರಾ ಎಂದು ಕೇಳಿದ್ದು ನಮಗೆ ಕೇಳಿಸಿತು. ಓನರ್ ಆಂಟಿಯ ಉತ್ತರ ಕೇಳಿಸಲಿಲ್ಲ.

ಪಿಂಚಣಿ ನಿಂತಿತು. ಅಕ್ಕನನ್ನು ಕರೆದುಕೊಂಡು ಕಚೇರಿಗೆ ಹೋದೆ. ನಮ್ಮ ಹಿಂದೆ ಉದ್ದನೆಯ ಸಾಲು.

"ಮನೆಗೆ ಯಾರೋ ಬರ್ತಾರಂತಲ್ಲಮ್ಮ. ಮದುವೆ ಆಗಿದ್ದೀರಾ?" ಎಂದರು ಅಲ್ಲಿದ್ದ ಅಧಿಕಾರಿ.

"ಇಲ್ಲ ಸರ್."

ಅವರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಅಕ್ಕನ ಬಾಲ್ಕನಿ, ಆ ಶರ್ಟು. ಸಾಲಿನಲ್ಲಿದ್ದವರೂ ಕತ್ತು ಚಾಚಿದರು. ಅಕ್ಕ ಸೆರಗನ್ನು ಹೆಗಲ ತುಂಬ ಎಳೆದುಕೊಂಡಳು.

"ಯಾರೋ ಬಂದು ಊಟ ಮಾಡ್ಕೊಂಡ್ ಹೋದ್ರೆ ನಿಮಗೇನ್ ಸರ್?" ಎಂದೆ.

"ನನಗೇನಿಲ್ಲಮ್ಮ. ಮೇಲಿನವರು ಕೇಳ್ತಾರೆ. ಮರುಮದುವೆ ಆಗಿಲ್ಲ, ಮನೆಗೆ ಯಾರೂ ಬರಲ್ಲ ಅಂತ ಬರ್ಕೊಡಿ, ಮುಗೀತು."

ಎರಡನೆಯ ಮಾತಿಗೆ ಬಂದಾಗ ಅಕ್ಕನ ಪೆನ್ನು ನಿಂತಿತು. ಅಧಿಕಾರಿ ಕಾದರು. ಅವಳು ಬರೆದಳು.

ಅಂದು ಸಂಜೆಯೇ ಮಿಕ್ಸಿ ಅಂಗಡಿಯವರಿಗೆ ವಿಷಯ ಹೇಳಿದಳಂತೆ. "ನನ್ನಿಂದ ನಿಮಗೆ ತೊಂದ್ರೆ ಬೇಡ," ಎಂದು ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಇಬ್ಬರೂ ಮದುವೆಯಾಗಿಬಿಡಿ ಎಂದು ನಾನು ಅಕ್ಕನಿಗೆ ಹೇಳಿದೆ.

"ಅವ್ರ ಮಕ್ಕಳು ಒಪ್ಪಲ್ಲ ಕಣೇ. ನಾಳೆ ಅವ್ರೂ ಕೈಬಿಟ್ರೆ ಪಿಂಚಣೀನೂ ಇರಲ್ಲ, ಏನ್ ಮಾಡ್ಲಿ?"

ಸ್ವಲ್ಪ ಕಾಲ ಫೋನಿನಲ್ಲಿ ಮಾತಾಡಿಕೊಂಡರು. ಆಮೇಲೆ ಅಕ್ಕನಿಗೆ ಫೋನಿನ ಮೇಲೂ ಅನುಮಾನ ಶುರುವಾಯಿತು. ಅದನ್ನೆಲ್ಲ ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂದೆ.

"ಶರ್ಟ್ ಫೋಟೊ ತೆಗೀತಾರೆ ಅಂತ ನಿನಗೆ ಗೊತ್ತಿತ್ತಾ?" ಎಂದಳು.

ಅವರು ಅಂಗಡಿಯನ್ನೇ ಮುಚ್ಚಿ ಚಿಕ್ಕಜಾಲದಲ್ಲಿರುವ ಮಗನ ಮನೆಗೆ ಹೋದರೆಂದು ಪಕ್ಕದ ಬೇಕರಿಯವರು ಹೇಳಿದರು. ಪಿಂಚಣಿ ಮತ್ತೆ ಬರುತ್ತಿದೆ. ಅಕ್ಕ ಹೂವಿನವಳಿಗೆ ಬೇಡವೆಂದಿದ್ದಾಳೆ.

ಮೊನ್ನೆ ನನ್ನ ಗಂಡ ಅವಳಿಗೆಂದು ಅಕ್ಕಿ ಮೂಟೆ ತಂದರು. ಅವರು ಅದನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತತೊಡಗಿದಾಗ ಅಕ್ಕ ಗಾಬರಿಯಿಂದ ಎದುರಿಗೆ ಬಂದಳು.

"ಅಲ್ಲೇ ಇಡಿ, ನೀವು ಮೇಲೆ ಬರ್ಬೇಡಿ. ಬೇಜಾರ್ ಮಾಡ್ಕೋಬೇಡಿ."

ಅವರು ಮೂಟೆ ಇಳಿಸಿ ಗೇಟಿನಾಚೆ ಹೋಗಿ ನಿಂತರು. ನಾನೂ ಅಕ್ಕನೂ ಅದನ್ನು ಒಂದೊಂದೇ ಮೆಟ್ಟಿಲು ಎಳೆದುಕೊಂಡು ಮೇಲೆ ಹೋದೆವು.